ಬಾಯಾರಿಕಿ ಖಾತೆ

ಗೋಕುಲ ರೋಡಿನ ನಮ್ಮ ಬಿಲ್ಡಿಂಗಿಗೆ
ಹಸಿರುಸಿರಿ ಅಂತ ಹೆಸರು.
ಕೆಳಗ ಬ್ಯಾಂಕು, ಎಲುಬಿನ ದವಾಖಾನಿ, ಟೈಲ್ಸ್ ಅಂಗಡಿ,
ಮ್ಯಾಲೆ ಇಪ್ಪತ್ತೆಂಟು ಮನಿ.
ಖಜಾಂಚಿ ನಾನು.
ಉಳದವರೆಲ್ಲಾ ಒಲ್ಲೆ ಅಂದದ್ದಕ್ಕ ನಾನಾದೆ.

ನಮ್ಮ ಕಮಿಟ್ಯಾಗ
ಉಳ್ಳಾಗಡ್ಡಿಯವರು, ಮೆಣಸಿನಕಾಯಿಯವರು, ಹುಣಸೀಮರದ ಮೇಡಂ,
ಅಡ್ಡಹೆಸರಿನ್ಯಾಗ ಒಂದು ಇಡೀ ಹಿತ್ತಲ.
ಅಂಗಳದಾಗ ಮಾತ್ರ
ಮಂದಿ ಉಣ್ಣದ, ದನ ಮೇಯದ,
ಚಾಪಿ ಸುತ್ತಿಧಾಂಗ ಸುತ್ತಿಕೊಂಡು
ಲಾರಿಯಾಗ ಬಂದ ಹುಲ್ಲು.

ನಳ ಬರೂದು ಎಂಟು ದಿನಕ್ಕೊಮ್ಮೆ,
ಒಮ್ಮೊಮ್ಮೆ ಹತ್ತಕ್ಕ.
ನಾವು ತಂಬಿಗಿ ಎಣಿಸಿ ಜಳಕಾ ಮಾಡೂವಾಗ
ಹುಲ್ಲು ದಿನಾ ಎರಡು ಹೊತ್ತು ಮೀಯತಿತ್ತು.
ಮಾರ್ಚದಾಗ ಹನ್ನೊಂದು ಟ್ಯಾಂಕರ್.
ಏಪ್ರಿಲ್ಲಿನ ಲೆಕ್ಕ
ನಾನು ಮೀಟಿಂಗಿನ್ಯಾಗ ಜೋರಾಗಿ ಓದಲಿಲ್ಲ.

ಮಾಳಿ ಕೆಲಸದ ಮಕ್ತುಂಬಿ ನದಾಫ
ಬಾಗಲದಾಗ ನಿಂತು ಕೇಳಿದಳು:
‘ಅಕ್ಕಾರ, ಈ ಹುಲ್ಲು ಯಾರ ಪೈಕಿ?
ನಿಮ್ಮ ಊರಿಂದೂ ಅಲ್ಲ, ನಮ್ಮ ಊರಿಂದೂ ಅಲ್ಲ.
ಬೀಗರಂಗ ಎಷ್ಟು ದಿನ ಸಾಕ್ತೀರಿ?’

ಟೈಲ್ಸ್ ಅಂಗಡಿ ಪಟೇಲರು ಅಂದರು,
ಪ್ಲಾಸ್ಟಿಕ್ ಹುಲ್ಲು ಹಾಸೂಣು, ಡಿಸ್ಕೌಂಟ್ ನಂದು.
ಮೆಣಸಿನಕಾಯಿಯವರು ಎದ್ದು ನಿಂತು ಖಾರಾದರು:
ಬರಿಗಾಲಲೆ ತಿರಗ್ಯಾಡಾಕ ನನಗ ಹುಲ್ಲು ಬೇಕು, ಡಾಕ್ಟರ್ ಹೇಳ್ಯಾರ.
ಒಂದು ಕೈ ಹೆಚ್ಚಾಗಿ, ಹುಲ್ಲು ಸೋತಿತು.
ಆ ಕೈ ಯಾರದು ಅಂತ ಇವತ್ತಿಗೂ ಹುಡಕಾಟ ಐತಿ.

ಕಿತ್ತ ಮ್ಯಾಲೆ ಕಂಡದ್ದು ಎರಿನೆಲ,
ಹಿಮ್ಮಡ ಒಡದಾಂಗ ಒಡದಿತ್ತು.
ಮಕ್ತುಂಬಿ ಎಣ್ಣಿ ಮಿಲ್ಲಿನಿಂದ
ನಾಕು ಚೀಲ ಶೇಂಗಾ ಸಿಪ್ಪಿ ತರಿಸಿ ಹರವಿದಳು.
ಅವರಪ್ಪ ಅರಳಿ ಹಿಂಜಿ ಗಾದಿ ಹೊಲೀತಿದ್ದನಂತ.
‘ಚಳಿಗಷ್ಟ ಅಲ್ರಿ ಕೌದಿ,
ಬ್ಯಾಸಗ್ಯಾಗ ನೆಲಕ್ಕೂ ಒಂದು ಹೊಚ್ಚಬೇಕು.’

ಶಿರಹಟ್ಟಿಯ ಅಣ್ಣನ ಹೊಲದ ಬದುವಿನಿಂದ ತಂಗಡಿ ಬೀಜ,
ಗೇಟಿನ ಗುಂಟ ಬಂದರಕಿ,
ಮೂಲ್ಯಾಗ ಲಾವಂಚ, ಅರ್ಧಾ ಸತ್ತವು,
ಸುಳ್ಳು ಯಾಕ ಹೇಳಲಿ.
ದವಾಖಾನಿಯಿಂದ ತಾರೀಖು ಮುಗದ ಸಲಾಯಿನ್ ನಳಿಗಿ ಬೇಡಿ ತಂದು
ಬ್ಯಾಂಕಿನ ಏಸಿಯ ಬಾಯಿಗೆ ಕಟ್ಟಿದಳು.
ಹಗಲೂ ರಾತ್ರಿ ಎಟಿಎಮ್ಮು ತಂಪಿರಬೇಕಲ್ಲ,
ಅದರ ಬೆವರು ಹನಿ ಹನಿ
ಕಣಗಿಲದ ಬುಡಕ್ಕ.

ನಾಕು ತಿಂಗಳು ನೋಡಾಕ ಆಗತಿದ್ದಿಲ್ಲ.
ಸುಗ್ಗಿ ಮುಗದ ಕಣದಾಂಗ, ಕಾಳಿಲ್ಲ, ಹೊಟ್ಟಷ್ಟ.
ಬಾಡಿಗಿ ಕೇಳಾಕ ಬಂದವರು
ಕೆಲಸ ಇನ್ನೂ ನಡದೈತೇನ್ರಿ ಅಂದು ಹೋದರು.
ಹುಡುಗರು ಕ್ರಿಕೆಟ್ಟಿನ ಜಾಗಾ ಹೋತು ಅಂತ
ನನ್ನ ಸ್ಕೂಟಿಯ ಗಾಳಿ ಬಿಟ್ಟರು, ಎರಡು ಸಲ.

ರೋಹಿಣಿ ಧೂಳ ಎಬ್ಬಿಸಿ ಹೋತು.
ಮಿರಗಾ ನಾಕು ಹನಿ ಉಗುಳಿ ಹೋತು.
ತಂಗಡಿ ಯಾರನ್ನೂ ಕಾಯಲಿಲ್ಲ.
ಒಂದು ಮುಂಜಾನೆ ಗೇಟಿನ ಹತ್ತರ ಹಳದಿ,
ಹಾಲಿನಾಂವ ಬೈಕ್ ನಿಲ್ಲಿಸಿ ನೋಡಿದ.
ಕರಕಿ ಯಾರೂ ಹಚ್ಚಲಿಲ್ಲ, ತಾನ ಬಂತು.
ಲಾನಿನ ಕಾಲಕ್ಕ ಕಸಾ ಅಂತ
ಸಂಬಳಾ ಕೊಟ್ಟು ಕೀಳಸತಿದ್ದಿವಿ;
ಗಣಪತಿ ಹಬ್ಬದಾಗ ಮೆಣಸಿನಕಾಯಿಯವರು
ಅದನ್ನ ಬಗ್ಗಿ ಬಗ್ಗಿ ಆರಿಸಿದರು,
ಬರಿಗಾಲಲೆ.

ಗಿಡಗಳ ನಡುವ ಕುತ್ತಿಗಿ ಮಟ ಹುಗದದ್ದು
ಒಂಬತ್ತು ಮಣ್ಣಿನ ಗಡಗಿ.
ವಾರಕ್ಕೊಮ್ಮೆ ತುಂಬಿ, ಮ್ಯಾಲೆ ಹೆಂಚಿನ ಚೂರು ಮುಚ್ಚಿದರ
ಬೇರು ತಾನ ಹೋಗಿ ಕುಡೀತದಂತ.
ಒಂದಕ್ಕ ಎಂಬತ್ತು ರೂಪಾಯಿ.
‘ಯಾವ ಖಾತೆಯಾಗ ಬರೀಲೆ, ಮಕ್ತುಂಬಿ?’
ಆಕಿ ಕೈ ಝಾಡಿಸಿಕೊಂಡಳು: ‘ಬಾಯಾರಿಕಿ ಅಂತ ಬರೀರಿ.’
ಬರದೆ.

ಧಾರವಾಡದಿಂದ ಬಂದ ಆಡಿಟರು
ಅದಕ್ಕ ಕೆಂಪು ಸುತ್ತು ಹಾಕಿದರು.
ಇಂಥಾ ಖಾತೆ ಇಲ್ಲ ಮೇಡಂ.
ನಾನು ಮಾತಾಡಲಿಲ್ಲ. ಕೆಳಗ ಕರಕೊಂಡು ಹೋಗಿ,
ಶೇಂಗಾ ಸಿಪ್ಪಿ ಸರಿಸಿ,
ಇಲ್ಲಿ ಕೈ ಇಡ್ರಿ ಅಂದೆ.
ಮೇ ತಿಂಗಳ ಮಧ್ಯಾಹ್ನ ಎರಡೂವರಿ.

ಇಟ್ಟರು. ತಗೀಲಿಲ್ಲ ಭಾಳ ಹೊತ್ತು.

ಆಮ್ಯಾಲೆ ಉಗುರಿನ ಎರಿಮಣ್ಣು ನೋಡಿಕೊಂಡು
ಕೈ ತೊಳಿಯಾಕ ನಳ ಎಲ್ಲೈತ್ರಿ ಅಂದರು.
ಐತಿ, ಅಂದೆ.
ನೀರು ನಾಡದು.